ಸುಂಕದವನೇ, ಕನ್ನಡದಲ್ಲಿ ಲೆಕ್ಕ ಹೇಳು!

ಕನ್ನಡದ ತರುಣ ಮಿತ್ರರೇ,

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆ ನಿಮಗೆ ಗೊತ್ತು. ಹಳೆಯ ಸುಂಕದವನಿಗೆ ಕರುಣೆ ಇರಲಿಲ್ಲ, ನಿಜ. ಆದರೆ ನಮ್ಮ ಮಾತಾದರೂ ತಿಳಿಯುತ್ತಿತ್ತು! ಇಂದು ಎಷ್ಟೋ ಟೋಲ್ ನಾಕಾಗಳಲ್ಲಿ ಸುಖದುಃಖ ಹೇಳಿಕೊಳ್ಳಲು ನೀವು ಮೊದಲು ಹಿಂದಿ ಕಲಿಯಬೇಕು. ಇದೆಂಥ ನ್ಯಾಯ?

ಹಾವೇರಿ ತಾಲ್ಲೂಕಿನ ಗುತ್ತಲವನ್ನೇ ನೋಡಿ. 12-13ನೆಯ ಶತಮಾನಗಳಲ್ಲಿ ಗುತ್ತ ಅರಸರು ಆಳಿದ ಊರು. ಆ ಕಾಲದ ಕನ್ನಡ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂದು ಸುಂಕಗಳ ಹೆಸರುಗಳೇ ಇವೆ. ಯಾವ ಸುಂಕ, ಯಾರಿಗೆ ಬಿಟ್ಟದ್ದು ಎಂಬುದು ಕಲ್ಲಿನ ಮೇಲೆ, ಜನರ ಕಣ್ಣೆದುರು, ಕನ್ನಡದಲ್ಲಿ! ಎಂಟುನೂರು ವರ್ಷಗಳ ಹಿಂದೆ ಆದದ್ದು ಇಂದು ಏಕೆ ಆಗದು?

ಬೆಂಗಳೂರಿನಲ್ಲಿ ದುಡಿಯುವ ಗುತ್ತಲದ ಹುಡುಗ ಹಬ್ಬಕ್ಕೆಂದು ಕಾರಿನಲ್ಲಿ ಊರಿಗೆ ಹೊರಟರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ನೆಲಮಂಗಲ, ಕ್ಯಾತಸಂದ್ರ, ಗುಯಿಲಾಳು, ಹೆಬ್ಬಾಳು, ಚಳಗೇರಿ ಎಂದು ನಾಕಾದ ಮೇಲೆ ನಾಕಾ. ಫಾಸ್ಟ್ಯಾಗ್‌ನಿಂದ ಹಣ ಕಣ್ಣುಮುಚ್ಚಿ ತೆರೆಯುವುದರಲ್ಲಿ ಮಾಯ. ಮೊಬೈಲಿಗೆ ಬರುವ ಲೆಕ್ಕ ಬಹುಪಾಲು ಇಂಗ್ಲಿಷಿನಲ್ಲಿ!

ಒಳ್ಳೆಯ ರಸ್ತೆ ಬೇಕು, ಅದಕ್ಕೆ ಸುಂಕವೂ ಇರಲಿ. ನಮ್ಮ ತಕರಾರು ಅದಲ್ಲ. ಕೇಂದ್ರದ 2008ರ ಹೆದ್ದಾರಿ ಶುಲ್ಕ ನಿಯಮಗಳು ಕೊಡುವವನಿಗೂ ಹಕ್ಕು ಕೊಟ್ಟಿವೆ. ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಬೈಕಿಗೆ, ಟ್ರ್ಯಾಕ್ಟರಿಗೆ ಸುಂಕವಿಲ್ಲ. ನಾಕಾದಿಂದ 20 ಕಿ.ಮೀ. ಒಳಗೆ ವಾಸಿಸುವವರ ಸ್ವಂತ ಬಳಕೆಯ ಕಾರಿಗೆ ರಿಯಾಯಿತಿಯ ತಿಂಗಳ ಪಾಸಿಗೆ ಅವಕಾಶವಿದೆ. 24 ಗಂಟೆಯೊಳಗೆ ಮರಳಿದರೆ ಹೋಗಿಬರುವುದಕ್ಕೆ ಒಂದೂವರೆ ಪಟ್ಟು ಕೊಟ್ಟರೆ ಸಾಕು. ಟ್ಯಾಗ್ ಸರಿಯಿದ್ದು, ಅದರಲ್ಲಿ ಹಣವೂ ಇದ್ದು, ನಾಕಾದ ಯಂತ್ರವೇ ಕೆಟ್ಟಿದ್ದರೆ ಪೈಸೆ ಕೇಳದೆ ಬಿಡಬೇಕು. 2018ರಿಂದ ಇದು ನಿಯಮ.

ಗೊತ್ತಿಲ್ಲದವನು ದಂಡ ತೆರುತ್ತಾನೆ. 2025ರ ನವೆಂಬರ್ 15ರಿಂದ ಟ್ಯಾಗ್ ಇಲ್ಲದ ವಾಹನಕ್ಕೆ ಯುಪಿಐ ಮೂಲಕ ಕೊಟ್ಟರೆ ಒಂದೂಕಾಲು ಪಟ್ಟು, ನಗದು ಕೊಟ್ಟರೆ ಎರಡು ಪಟ್ಟು ಎಂಬ ನಿಯಮ ಬಂತು! ಹುಬ್ಬಳ್ಳಿ ಕಡೆಯಿಂದ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೇರಿಕೊಂಡು ಬರುವ ಚಾಲಕನಿಗೆ ಈ ವ್ಯತ್ಯಾಸವನ್ನು ಅವನ ಭಾಷೆಯಲ್ಲಿ ಹೇಳುವವರು ಯಾರು? ಹೇಳದಿದ್ದರೆ ಅವನ ಒಂದು ದಿನದ ಊಟದ ಕಾಸು ಅಲ್ಲೇ ಹೋಯಿತು.

ಗಾಜಿನ ಗೂಡಿನಲ್ಲಿ ಕೂತ ಹುಡುಗನ ಮೇಲೆ ಕೈ ಎತ್ತಬೇಡಿ. ಅವನೂ ಹೊಟ್ಟೆಪಾಡಿಗೆ ಬಂದವನು. ಪ್ರಶ್ನೆ ಕೇಳಬೇಕಾದದ್ದು ಅವನನ್ನು ಅಲ್ಲಿ ಕೂರಿಸಿದವರನ್ನು. ನಾಕಾ ನಮ್ಮ ನೆಲದಲ್ಲಿದೆ. ಸುತ್ತಲ ಹಳ್ಳಿಗಳಲ್ಲಿ ಓದಿ ಕೆಲಸವಿಲ್ಲದೆ ಕೂತ ಹುಡುಗ ಹುಡುಗಿಯರಿದ್ದಾರೆ. ಅವರು ಕಾಣುವುದಿಲ್ಲವೇ?

ಬರೀ ಘೋಷಣೆ ಸಾಲದು, ಗೆಳೆಯರೇ. ಹೆದ್ದಾರಿಯ ಸಹಾಯವಾಣಿ 1033ಕ್ಕೆ ಕರೆ ಮಾಡಿ, ಕನ್ನಡದಲ್ಲೇ ದೂರು ಹೇಳಿ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಹಾಕಬಹುದು. ಹತ್ತು ರೂಪಾಯಿ ಕಟ್ಟಿ, ಹೆದ್ದಾರಿ ಪ್ರಾಧಿಕಾರವನ್ನು ಕನ್ನಡದಲ್ಲೇ ಕೇಳಿ: ಈ ನಾಕಾದಲ್ಲಿ ಎಷ್ಟು ಹಣ ಬಂತು? ರಿಯಾಯಿತಿ ಪಾಸು ಎಷ್ಟು ಜನರಿಗೆ ಕೊಟ್ಟಿರಿ? ಹಕ್ಕುಗಳ ಫಲಕ ಕನ್ನಡದಲ್ಲಿ ಎಲ್ಲಿದೆ?

ಮುಂದಿನ ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ನಾಕಾದಲ್ಲಾದರೂ ಗಾಜು ಇಳಿಸಿ, ನಗುನಗುತ್ತಲೇ ಕೇಳಿ: “ಅಣ್ಣಾ, ಲೆಕ್ಕ ಕನ್ನಡದಲ್ಲಿ ಹೇಳು!”

ಹಣ ನಮ್ಮದು. ದಾರಿ ನಮ್ಮದು. ಮಾತೂ ನಮ್ಮದಾಗಲಿ!