ಗೆದ್ದ ಕುದುರೆಯ ಉಳಿದ ಆಯುಷ್ಯ

ನಮ್ಮ ರಿಚರ್ಡ್ಸ್ ಟೌನಿನಿಂದ ಕುದುರೆ ಪಂದ್ಯದ ಮೈದಾನ ಸಾಕಷ್ಟು ದೂರ. ಆದರೂ ಎಪ್ಪತ್ತರ ದಶಕದಲ್ಲಿ ಇಲ್ಲಿನ ಹೆಂಚಿನ ಬಂಗಲೆಗಳ ಜಗುಲಿಗಳಲ್ಲಿ ವಾರಾಂತ್ಯದ ಮಾತೆಂದರೆ ಕುದುರೆಯ ಮಾತೇ. ರೈಲ್ವೆಯಿಂದ ನಿವೃತ್ತರಾಗಿದ್ದ ನೆರೆಯ ಆಂಗ್ಲೋ-ಇಂಡಿಯನ್ ಹಿರಿಯರೊಬ್ಬರು ರೇಸ್ ಪುಸ್ತಕವನ್ನು ಪಂಚಾಂಗದಂತೆ ಓದುತ್ತಿದ್ದರು. ಮೇಷ್ಟರಾದ ನನಗೆ ಜೂಜಿನಲ್ಲಿ ಆಗಲೂ ಒಲವಿರಲಿಲ್ಲ, ಈಗಲೂ ಇಲ್ಲ. ಅವರ ಬಾಯಿಂದ ಕೇಳಿದ ಒಂದು ಹೆಸರು ಮಾತ್ರ ಮನಸ್ಸಿನಲ್ಲಿ ಉಳಿದಿದೆ: ಸ್ಕ್ವಾಂಡರರ್.

ಆ ಪದದ ಅರ್ಥ ದುಂದುಗಾರ. ಆ ಹೆಸರು ಕುದುರೆಗಿಂತ ಪಂದ್ಯ ಕಟ್ಟಿದವರಿಗೇ ಹೆಚ್ಚು ಒಪ್ಪುತ್ತಿತ್ತು. ಬೆಂಗಳೂರಿನ ಪಂದ್ಯಪ್ರಿಯರಿಗೆ ಚಿರಪರಿಚಿತರಾದ ರಶೀದ್ ಬೈರಾಮ್‌ಜಿಯವರು ಪಳಗಿಸಿದ ಈ ಕುದುರೆ ಓಡಿದ್ದು ಹತ್ತೊಂಬತ್ತು ಬಾರಿ, ಗೆದ್ದದ್ದು ಹದಿನೆಂಟು ಬಾರಿ. 1976-77ರ ಋತುವಿನಲ್ಲಿ 1600 ಮೀಟರಿನ ಗಿನೀಸ್, 2400 ಮೀಟರಿನ ಡರ್ಬಿ, ಅದಕ್ಕೂ ದೀರ್ಘವಾದ ಸೇಂಟ್ ಲೆಜರ್, ಈ ಮೂರನ್ನೂ ಗೆದ್ದು ತ್ರಿವಳಿ ಕಿರೀಟ ಧರಿಸಿತು. ವೇಗದ ಓಟಕ್ಕೆ ಒಗ್ಗಿದ ದೇಹ ದೂರದ ಓಟದಲ್ಲಿ ಸೋಲುವುದೇ ಹೆಚ್ಚು. ಎರಡೂ ಒಂದೇ ಪ್ರಾಣಿಯಲ್ಲಿ ಕೂಡಿಬರುವುದು ಅಪರೂಪ.

ನನ್ನನ್ನು ಕಾಡುವುದು ಆ ಗೆಲುವುಗಳಲ್ಲ, ಅವುಗಳ ನಂತರದ ಕಾಲ. ಥರೋಬ್ರೆಡ್ ಕುದುರೆ ಎರಡನೆಯ ವಯಸ್ಸಿಗೇ ಓಡತೊಡಗುತ್ತದೆ. ಐದಾರು ವರ್ಷಕ್ಕೆ ಬಹುಪಾಲು ಕುದುರೆಗಳ ಓಟದ ಬದುಕು ಮುಗಿಯುತ್ತದೆ. ಆರೈಕೆಯಿದ್ದರೆ ಅದು ಇಪ್ಪತ್ತೈದು ವರ್ಷ ಬಾಳಬಲ್ಲದು. ಮಿಕ್ಕ ಇಪ್ಪತ್ತು ವರ್ಷ ಅದು ಎಲ್ಲಿರಬೇಕು? ಹೆಸರಾಂತ ಗಂಡು ಕುದುರೆ ಕುಣಿಗಲ್ಲಿನಂತಹ ತಳಿ ಕೇಂದ್ರಕ್ಕೆ ಹೋಗಿ ಗೌರವದಿಂದ ಇದ್ದೀತು. ಶೀಲ ಒಡೆದದ್ದು, ಕಾಲು ನೊಂದದ್ದು, ಗೆಲ್ಲದೇ ಉಳಿದದ್ದು? ಅದೃಷ್ಟವಿದ್ದರೆ ಸವಾರಿ ಶಾಲೆ, ಇಲ್ಲವೇ ಮೈಸೂರಿನ ಅಶ್ವಾರೋಹಿ ಪೊಲೀಸ್ ದಳ. ಅದಿಲ್ಲದಿದ್ದರೆ ಕೈಯಿಂದ ಕೈಗೆ ಮಾರಾಟ.

ಗೆದ್ದವನಿಗಾದರೂ ಭದ್ರತೆಯುಂಟೆಂದು ನಂಬುವ ಹಾಗಿಲ್ಲ. ಅಮೆರಿಕದ ಫರ್ಡಿನಾಂಡ್ 1986ರಲ್ಲಿ ಕೆಂಟಕಿ ಡರ್ಬಿ ಗೆದ್ದಿತು. 1987ರಲ್ಲಿ ಆ ದೇಶದ ವರ್ಷದ ಕುದುರೆಯೆನಿಸಿತು. ಮುಂದೆ ತಳಿಗಾಗಿ ಜಪಾನಿಗೆ ಮಾರಲ್ಪಟ್ಟಿತು. ಅಲ್ಲಿ ಅದರ ಸಂತತಿಗೆ ಬೇಡಿಕೆ ಕುಸಿದಾಗ, 2002ರಲ್ಲಿ ಅದನ್ನು ಕಸಾಯಿಖಾನೆಗೆ ಕಳುಹಿಸಿದರು. ಆ ಸುದ್ದಿ ಲೋಕಕ್ಕೆ ತಿಳಿದದ್ದು ಮರುವರ್ಷ.

ನಮ್ಮಲ್ಲಿ ಬೆಂಗಳೂರು ಮೈದಾನದ ಚರ್ಚೆ ಎರಡು ದಶಕಗಳಿಂದ ನಡೆದಿದೆ. ಗುತ್ತಿಗೆ 2009ರಲ್ಲೇ ಮುಗಿಯಿತು. ನಗರದ ನಡುವಿನ ಜಮೀನು ಯಾರದು, ತೆರಿಗೆ ಎಷ್ಟು, ಜೂಜು ಹೌದೋ ಅಲ್ಲವೋ ಎಂಬುದೇ ವಾದ. ಕುದುರೆ ಪಂದ್ಯ ಕೌಶಲದ ಆಟವೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪು ನೀಡಿತು. ಇರಲಿ. ಆ ಕೌಶಲದಲ್ಲಿ ಕುದುರೆಯ ಪಾಲೂ ಉಂಟಲ್ಲವೇ? ಅದನ್ನು ಮುಂಜಾವದಲ್ಲೇ ಎಬ್ಬಿಸಿ, ಮೈಯುಜ್ಜಿ, ನಡೆಸುವ ಸೈಸನ ಪಾಲೂ ಉಂಟು. ಆದರೆ ವಾದದಲ್ಲಿ ಇಬ್ಬರ ಹೆಸರೂ ಬರುವುದಿಲ್ಲ.

'ಮನುಷ್ಯರಿಗೇ ಪಿಂಚಣಿಯಿಲ್ಲದ ನಾಡಿನಲ್ಲಿ ಕುದುರೆಗೇಕೆ ಸರ್?' ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಪಿಂಚಣಿ ಪಡೆಯುತ್ತಿರುವವನಾದ ನಾನು ಉತ್ತರಿಸಲೇಬೇಕು. ಈ ತಳಿ ಕಾಡಿನಲ್ಲಿ ತಾನಾಗಿ ಹುಟ್ಟಿದ್ದಲ್ಲ. ಓಟಕ್ಕೆಂದೇ ಮನುಷ್ಯ ಮೂರು ಶತಮಾನಗಳಿಂದ ಆಯ್ದು ಬೆಳೆಸಿದ್ದು. ಹುಟ್ಟಿಸಿದವನ ಹೊಣೆ ಓಟ ಮುಗಿದ ದಿನ ತೀರುವುದಿಲ್ಲ. ಬ್ರಿಟನ್ನಿನ ರೇಸ್ ವಲಯವು ನಿವೃತ್ತ ಕುದುರೆಗಳ ಮರುತರಬೇತಿಗೆಂದೇ 2000ದಲ್ಲಿ ಸಂಸ್ಥೆಯೊಂದನ್ನು ಕಟ್ಟಿತು. ನಮ್ಮಲ್ಲಿಯೂ ಬಹುಮಾನದ ಹಣದಿಂದ ಸಣ್ಣದೊಂದು ಅಂಶವನ್ನು ಇದಕ್ಕೆಂದು ಮೊದಲೇ ತೆಗೆದಿಡಬಹುದು.

ಪುಣೆಯಲ್ಲಿರುವ ಸ್ಟಡ್ ಬುಕ್ ಪ್ರಾಧಿಕಾರವು ಪ್ರತಿ ಮರಿಯ ತಂದೆ, ತಾಯಿ, ಹುಟ್ಟಿದ ದಿನ, ಮೈಮೇಲಿನ ಗುರುತುಗಳನ್ನು ದಾಖಲಿಸುತ್ತದೆ. ಕುದುರೆ ಮೈದಾನ ಬಿಟ್ಟ ದಿನ ಯಾರ ಕೈಸೇರಿತು, ಕೊನೆಗೆ ಎಲ್ಲಿ ಸತ್ತಿತು ಎಂಬುದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಡಬೇಕು. ಆ ಪುಟ ಯಾರು ಕೇಳಿದರೂ ತೆರೆದು ತೋರಿಸುವಂತಿರಬೇಕು.