ಬುಟ್ಟಿ ಆಮೇಲೆ, ಬ್ರೇಕ್ ಮೊದಲು

ಮಗಳಿಗೆ ಸೈಕಲ್ ಕೊಳ್ಳಲು ಸಾಲಗುಂದದಿಂದ ಸಿಂಧನೂರಿಗೆ ಹೋಗಿದ್ದೆವು. ಅಂಗಡಿಯವ ನಮ್ಮ ಯಜಮಾನರ ಮುಖ ನೋಡಿ, "ಹುಡುಗಿಗಲ್ಲೇನ್ರಿ? ಗುಲಾಬಿ ಬಣ್ಣದ್ದು ಒಯ್ಯಿರಿ, ಮುಂದ ಬುಟ್ಟಿನೂ ಅದ" ಎಂದ. ತುಳಿಯುವವಳು ಪಕ್ಕದಲ್ಲೇ ನಿಂತಿದ್ದಳು. ಅವಳನ್ನೊಮ್ಮೆ ಹತ್ತಿಸಿ ನೋಡೋಣವೆಂದು ಯಾರಿಗೂ ಅನ್ನಿಸಲಿಲ್ಲ. "ಸ್ವಲ್ಪ ದೊಡ್ಡದೇ ಇರಲಿ, ಬೆಳೀತಾಳಲ್ಲ" ಎಂದರು ಇವರು.

ಅಂಗಿ ದೊಡ್ಡದಾದರೆ ಮಡಚಿ ಹೊಲಿಯಬಹುದು. ಸೈಕಲ್ಲಿನ ಚೌಕಟ್ಟನ್ನು ಮಡಚಲಾದೀತೇ? ನೀವೇ ಹೇಳಿ.

ನನಗೂ ಹೀಗೇ ಅಣ್ಣನ ದೊಡ್ಡ ಸೈಕಲ್ ಬಂದಿತ್ತು. ಬ್ರೇಕ್ ಬೆರಳಿಗೆ ಎಟುಕದೆ ಒಂದು ದಿನ ಬಿದ್ದೆ. ಸೈಕಲ್ ದನದ ಕೊಟ್ಟಿಗೆ ಸೇರಿತು, ನಾನು ಅಡುಗೆಮನೆ ಸೇರಿದೆ. ನನ್ನ ಓದು ಏಳನೆಯ ಇಯತ್ತೆಗೆ ನಿಂತಿತು. ತಪ್ಪು ಸೈಕಲ್ಲಿನದು, ಶಿಕ್ಷೆ ನನಗೆ!

ಅದಕ್ಕೇ ಹೇಳುತ್ತೇನೆ: ಮೊದಲು ಅಳತೆ. ಪೆಡಲ್ ಪೂರ್ತಿ ಕೆಳಗಿದ್ದಾಗ ಮೊಣಕಾಲು ಚೂರೇ ಬಾಗಿರಬೇಕು, ಹ್ಯಾಂಡಲ್ ಹಿಡಿಯಲು ಮೈ ಚಾಚಬಾರದು. ಎರಡನೆಯದು ಬ್ರೇಕ್. ಭತ್ತದ ಲಾರಿ ಎದುರಾದಾಗ ಬುಟ್ಟಿ ಕಾಪಾಡುತ್ತದೆಯೇ? ಮೂರನೆಯದು ಗಾಲಿ. ನಮ್ಮದು ಎರೆಭೂಮಿ. ಮಳೆ ಬಂದರೆ ಜಿಗುಟು ಮಣ್ಣು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಮೆತ್ತಿ ಗಾಲಿಯೇ ತಿರುಗದು. ಅಲ್ಲಿ ಬೆರಳು ಹೋಗುವಷ್ಟು ಜಾಗ ಬೇಕು. ತೆಳು ಟೈರಿನ ರೋಡ್ ಬೈಕ್ ಡಾಂಬರಿಗೆ ಚಂದ, ಕಾಲುವೆ ದಂಡೆಗಲ್ಲ. ದುಪಟ್ಟಾ ಸಿಕ್ಕದಂತೆ ಚೈನಿಗೆ ಮುಚ್ಚಳವಿರಲಿ. ಇನ್ನು ಗೇರ್? ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಣ್ಣುವ ಈ ಬಯಲಿಗೆ ಅದೇಕೆ? ಆ ದುಡ್ಡನ್ನು ಗಟ್ಟಿ ರಿಮ್ಮಿಗೆ ಹಾಕಿ.

"ಇಷ್ಟಕ್ಕೆಲ್ಲ ಜಗಳವೇ? ಕಲಿಯುವವರು ಯಾವುದರಲ್ಲಾದರೂ ಕಲಿಯುತ್ತಾರೆ" ಎನ್ನುವವರಿದ್ದಾರೆ. ನಿಜ, 1990ರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕ್ಕೋಟೆಯಲ್ಲಿ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಲೇಡೀಸ್ ಸೈಕಲ್ ಸಾಲದಾದಾಗ ಗಂಡಸರದ್ದನ್ನೇ ಏರಿದರು. ಆ ಹಟಕ್ಕೆ ಕೈಮುಗಿಯುತ್ತೇನೆ. ಆದರೆ ದುಡ್ಡು ಕೊಟ್ಟು ಆರಿಸುವಾಗಲೂ ಹುಡುಗಿ ಸಿಕ್ಕದ್ದೇ ಸಾಕೆನ್ನಬೇಕೆ? 2006-07ರಲ್ಲಿ ನಮ್ಮ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ್ದು ಅಲಂಕಾರಕ್ಕಲ್ಲ, ಶಾಲೆ ತಲುಪಲಿ ಎಂದು.

ನಾನು ಅಂಗಡಿಯಲ್ಲೇ ಮಗಳನ್ನು ಹತ್ತಿಸಿದೆ. ಮೂರು ಸೈಕಲ್ ಬಿಟ್ಟು ನಾಲ್ಕನೆಯದು ಒಪ್ಪಿದಳು. ಕಪ್ಪು ಬಣ್ಣ, ಬುಟ್ಟಿ ಇಲ್ಲ. ಬ್ರೇಕ್ ಒತ್ತಿದಳು, ಗಾಲಿ ನಿಂತಿತು. "ಹೆಣ್ಣುಮಕ್ಕಳಿಗೆ ಇದು ಒಪ್ಪೂದಿಲ್ರಿ" ಎಂದ ಅಂಗಡಿಯವ.

"ಅಕಿಗೆ ಒಪ್ಪಿದರ ಸಾಕು" ಎಂದೆ.