ಹೊರಡುವ ಕಾರು, ನಿಲ್ಲುವ ಕಾರು

ಮತ್ತೆ ನವೆಂಬರ್ ಬಂತು. ಇಲ್ಲಿ ಮಿನಿಯಾಪೊಲಿಸ್‌ನಲ್ಲಿ ನಮ್ಮವರು ನಾಲ್ಕು ಜನ ಸೇರಿದ ಕಡೆಯೆಲ್ಲ ಈಗ ಒಂದೇ ಉಪದೇಶ. "ಸ್ನೋ ಶುರುವಾಗೋದ್ರೊಳಗೆ ಆಲ್ ವೀಲ್ ಡ್ರೈವ್ ಗಾಡಿ ತಗೊಂಡ್ಬಿಡು ಮಾರಾಯ, ಆಮೇಲೆ ಚಿಂತೆಯೇ ಇಲ್ಲ!" ಬೆಂಗಳೂರಿನಿಂದ ಹೊಸದಾಗಿ ಬಂದವರು, ಮನೆಯಲ್ಲಿ ಪುಟ್ಟ ಮಗು ಇರುವವರು, ಇದನ್ನು ನಂಬಿ ಸಾಲ ಮಾಡಿ ದೊಡ್ಡ ಎಸ್‌ಯುವಿ ಕೊಳ್ಳುತ್ತಾರೆ. ನನ್ನ ಪ್ರಕಾರ ಇದು ಅರ್ಧ ಸತ್ಯ. ಹಿಮದ ರಸ್ತೆಯಲ್ಲಿ ಅರ್ಧ ಸತ್ಯ ಸುಳ್ಳಿಗಿಂತ ಅಪಾಯ.

ಆಲ್ ವೀಲ್ ಡ್ರೈವ್ ಮಾಡುವುದು ಇಷ್ಟೇ: ಎಂಜಿನ್ನಿನ ಶಕ್ತಿಯನ್ನು ನಾಲ್ಕೂ ಚಕ್ರಕ್ಕೆ ಹಂಚುತ್ತದೆ. ಹಿಮದಲ್ಲಿ ಹೂತ ಗಾಡಿ ಹೊರಡಲು, ದಿಬ್ಬ ಹತ್ತಲು ಇದು ನಿಜಕ್ಕೂ ಒಳ್ಳೆಯದು. ಆದರೆ ಬ್ರೇಕು? ಅದು ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇದೆ. ಇನ್ನೊಂದು ವಿಷಯ. ಗಾಡಿ ಸಲೀಸಾಗಿ ಹೊರಟುಬಿಡುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಅಂತ ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ಮುಂದಿನ ಸಿಗ್ನಲ್ಲಿನಲ್ಲಿ!

ಪಿಯುಸಿ ಭೌತಶಾಸ್ತ್ರ ನೆನಪಿದೆಯಾ? ಗಾಡಿ ನಿಲ್ಲಲು ಬೇಕಾದ ದೂರ ಅಂದರೆ ವೇಗದ ವರ್ಗವನ್ನು ಘರ್ಷಣೆ ಮತ್ತು ಗುರುತ್ವದ ಗುಣಲಬ್ಧದ ಎರಡರಷ್ಟರಿಂದ ಭಾಗಿಸುವುದು. ಗಂಟೆಗೆ 50 ಕಿಲೋಮೀಟರ್ ವೇಗ ಇಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಘರ್ಷಣಾಂಕ ಸುಮಾರು 0.7, ಬ್ರೇಕ್ ಒತ್ತಿದ ಮೇಲೆ 14 ಮೀಟರಿಗೆ ನಿಲ್ಲುತ್ತದೆ. ಒತ್ತಿಗಟ್ಟಿದ ಹಿಮದ ಮೇಲೆ 0.2 ಅಂದುಕೊಂಡರೆ 49 ಮೀಟರ್. ಮಂಜುಗಡ್ಡೆಯ ಮೇಲೆ 0.1 ಆದರೆ 98 ಮೀಟರ್! ಈ ಸೂತ್ರದಲ್ಲಿ ಎಂಜಿನ್ ಎಷ್ಟು ಚಕ್ರ ತಿರುಗಿಸುತ್ತದೆ ಅನ್ನುವುದಿಲ್ಲ, ಗಾಡಿಯ ತೂಕವೂ ಇಲ್ಲ. ನಮ್ಮ ಕೈಯಲ್ಲಿರುವುದು ಎರಡೇ: ವೇಗ ಮತ್ತು ಟೈರು.

ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಾಚಿಗಟ್ಟಿದ ಅಂಗಳ ದಾಟುವಾಗ ಕಾಲಿನ ಬಲಕ್ಕಿಂತ ಚಪ್ಪಲಿಯ ತಳ ಮುಖ್ಯ ಅಲ್ವಾ?

ಚಳಿ ಹೆಚ್ಚಿದಂತೆ ಮಾಮೂಲಿ ಟೈರಿನ ರಬ್ಬರು ಗಟ್ಟಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ. ಉಷ್ಣಾಂಶ 7 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿಳಿದರೆ ಟೈರ್ ಬದಲಿಸಿ ಅನ್ನುವುದು ಇದಕ್ಕೇ. ಚಳಿಗಾಲದ ಟೈರಿನ ರಬ್ಬರು ಮೆತ್ತಗೇ ಇರುತ್ತದೆ, ಮೈತುಂಬ ಸಣ್ಣ ಸೀಳುಗಳಿದ್ದು ಹಿಮವನ್ನು ಕಚ್ಚಿ ಹಿಡಿಯುತ್ತದೆ. ಕೊಳ್ಳುವಾಗ ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹೂವು ಇರುವ ಗುರುತು ನೋಡಿ. ನಾಲ್ಕೂ ಚಕ್ರಕ್ಕೆ ಹಾಕಿಸಿ. ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಗಾಡಿ ತಿರುಗಿಬೀಳುವ ಭಯ ಇದ್ದೇ ಇದೆ.

"ಖರ್ಚು ಜಾಸ್ತಿ" ಅಂತೀರಾ? ಒಂದು ಜೊತೆ ಓಡುವಾಗ ಇನ್ನೊಂದು ಜೊತೆ ಗ್ಯಾರೇಜಿನಲ್ಲಿ ಮಲಗಿರುತ್ತದೆ, ಸವೆಯುವುದಿಲ್ಲ. ಎಸ್‌ಯುವಿ ಸಾಲದ ಮುಂದೆ ಇದು ಎಷ್ಟರದು? ಕೆನಡಾದ ಕ್ವಿಬೆಕ್ ಪ್ರಾಂತ್ಯ 2008ರಲ್ಲೇ ಇವನ್ನು ಕಡ್ಡಾಯ ಮಾಡಿತು. ಈಗ ಅಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಹಾಕಲೇಬೇಕು. ಮಿನ್ನೆಸೋಟದಲ್ಲಿ ಅಂಥ ಕಾನೂನಿಲ್ಲ, ನಮ್ಮ ವಿವೇಕವೇ ಕಾನೂನು.

ಒಳ್ಳೆಯ ಟೈರೂ ಮಂತ್ರದಂಡವಲ್ಲ, ಒಪ್ಪುತ್ತೇನೆ. ಆದರೆ ವೇಗ ಅರ್ಧ ಮಾಡಿದರೆ ನಿಲ್ಲುವ ದೂರ ಕಾಲು ಭಾಗಕ್ಕೆ ಇಳಿಯುತ್ತದೆ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ಮಳೆ ಬಿದ್ದು ಗಡ್ಡೆಕಟ್ಟಿದ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಮ್ಯಾನೇಜರಿಗೆ ಹೇಳಲು ಸಂಕೋಚ ಬೇಡ.

ಹೊಸಬರಿಗೆ ಉಪದೇಶ ಮಾಡುವಾಗ ಇನ್ನು ಮುಂದೆ "ಯಾವ ಗಾಡಿ ತಗೊಂಡೆ?" ಅನ್ನುವ ಬದಲು "ಯಾವ ಟೈರ್ ಹಾಕಿಸಿದೆ?" ಅಂತ ಕೇಳೋಣ. ಏನಂತೀರಿ?